ಗ್ರೇಡ್ ಒನ್ ಅಂತಷ್ಟೇ ಬರೆದಿತ್ತು

ಬೆಂಗಳೂರಿನಲ್ಲಿ ಈಗ ನಲವತ್ತು ದಾಟಿದವರು ನಾಲ್ಕು ಜನ ಸೇರಿದರೆ ರಿಪೋರ್ಟಿನ ಮಾತು ಬಂದೇ ಬರುತ್ತದೆ. ಶುಗರ್ ಎಷ್ಟು, ಥೈರಾಯ್ಡ್ ಎಷ್ಟು, ವಿಟಮಿನ್ ಡಿ ಎಷ್ಟು ಅನ್ನುವುದೆಲ್ಲ ಮುಗಿದ ಮೇಲೆ ಯಾರಾದರೊಬ್ಬರು "ಫ್ಯಾಟಿ ಲಿವರ್ ಬೇರೆ ಇದೆಯಂತೆ, ಗ್ರೇಡ್ ಒನ್ನು" ಅನ್ನುತ್ತಾರೆ. ಇನ್ನೊಬ್ಬರು "ಅಯ್ಯೋ, ಅದು ಎಲ್ಲರಿಗೂ ಇರುತ್ತೆ ಬಿಡ್ರಿ" ಅನ್ನುತ್ತಾರೆ. ಮಾತು ಅಲ್ಲಿಗೆ ನಿಂತು ಬೇರೆ ಕಡೆ ಹೊರಳುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಲಾಲ್‌ಬಾಗಿನ ಬೆಳಗಿನ ವಾಕಿಂಗ್‌ನಲ್ಲೂ ಕೇಳಿದ್ದೇನೆ.

ಎಲ್ಲರಿಗೂ ಇರುತ್ತೆ ಅನ್ನುವುದು ಪೂರ್ತಿ ಸುಳ್ಳೇನಲ್ಲ. ಹೈದರಾಬಾದಿನ ಐಟಿ ಉದ್ಯೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 345 ಜನರ ಪೈಕಿ ಶೇಕಡಾ 84ರಷ್ಟು ಮಂದಿಯ ಲಿವರಿನಲ್ಲಿ ಹೆಚ್ಚಿನ ಕೊಬ್ಬು ಕಂಡಿತ್ತು. ಅದು ಚಿಕ್ಕ ಗುಂಪು, ಇಡೀ ದೇಶಕ್ಕೆ ಆ ಅಂಕಿ ಹೊಂದುವುದಿಲ್ಲ. ಆದರೂ ನಮ್ಮ ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ಪರಿಸ್ಥಿತಿ ತೀರಾ ಬೇರೆ ಇರಲಿಕ್ಕಿಲ್ಲ. ನನ್ನ ತಕರಾರು ಇರುವುದು ಆಮೇಲಿನ ಮಾತಿನ ಬಗ್ಗೆ. ಎಲ್ಲರಿಗೂ ಇದೆ ಅಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಥರ ಇದೆ ಅಂತ ಆಗುವುದಿಲ್ಲ. ಲಿವರಿನಲ್ಲಿ ಕೊಬ್ಬು ಇದೆಯೇ ಅನ್ನುವುದು ಒಂದು ಪ್ರಶ್ನೆ. ಆ ಕೊಬ್ಬಿನಿಂದ ಲಿವರ್ ಒಳಗೊಳಗೇ ಉರಿದು, ಮಾದು, ಗಾಯದ ಕಲೆ ಕಟ್ಟುತ್ತಾ ಬಂದಿದೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಊರ ತುಂಬ ಸ್ಕ್ಯಾನಿಂಗ್ ಸೆಂಟರುಗಳು ಉತ್ತರ ಕೊಡುತ್ತಿವೆ. ಎರಡನೆಯದನ್ನು ಕೇಳುವವರೇ ಕಡಿಮೆ. ಕೇಳಬೇಕಾದದ್ದು ಎರಡನೆಯದನ್ನು.

ನನ್ನ ಅಕ್ಕನಿಗೆ 61 ವರ್ಷ. ಮನೆ ವಿಜಯನಗರದಲ್ಲಿ. ಶುಗರ್ ಬಂದು ಬಹಳ ವರ್ಷವಾಯಿತು, ಥೈರಾಯ್ಡ್ ಮಾತ್ರೆಯೂ ನಡೆಯುತ್ತಿದೆ. ಅವಳನ್ನು ನೋಡಿ ದಪ್ಪ ಅಂತ ಯಾರೂ ಅನ್ನುವುದಿಲ್ಲ. 152 ಸೆಂಟಿಮೀಟರ್ ಎತ್ತರ, 56 ಕಿಲೋ ತೂಕ. ವರ್ಷಕ್ಕೊಮ್ಮೆ ಮಗ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡುತ್ತಾನೆ. ಬೆಳಿಗ್ಗೆ ಹುಡುಗನೊಬ್ಬ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ, ಹೊಟ್ಟೆಯ ಸ್ಕ್ಯಾನಿಗೆ ಮಾತ್ರ ನಾವು ಹೋಗಬೇಕು. ರಾತ್ರಿಯೊಳಗೆ ವಾಟ್ಸಾಪಿಗೆ ಪಿಡಿಎಫ್ ಬಂದಿರುತ್ತದೆ. ಸ್ಕ್ಯಾನ್ ರಿಪೋರ್ಟಿನ ಕೊನೆಯಲ್ಲಿ ಪ್ರತಿ ವರ್ಷವೂ ಅದೇ ಸಾಲು: ಗ್ರೇಡ್ 1 ಫ್ಯಾಟಿ ಲಿವರ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ರೋಗಿಯ ಮಿಕ್ಕ ವಿವರಗಳ ಜತೆಗಿಟ್ಟು ನೋಡತಕ್ಕದ್ದು ಅನ್ನುವ ಅರ್ಥದ ಇನ್ನೊಂದು ಸಾಲು. ಜತೆಗಿಟ್ಟು ನೋಡುವವರು ಯಾರು? ಒಬ್ಬ ವೈದ್ಯರು. ಆ ವೈದ್ಯರು ಪ್ಯಾಕೇಜಿನಲ್ಲಿ ಇರುವುದಿಲ್ಲ. ನೂರಕ್ಕೆ ಹತ್ತಿರ ಪರೀಕ್ಷೆಗಳಿರುತ್ತವೆ, ಅವನ್ನೆಲ್ಲ ಒಟ್ಟಿಗೆ ಓದಲು ಹದಿನೈದು ನಿಮಿಷ ಕೂರುವ ಮನುಷ್ಯರು ಇರುವುದಿಲ್ಲ.

ಹೋದ ವರ್ಷ ಬಿಡದ ಕೆಮ್ಮಿಗೆ ಅಂತ ಅಕ್ಕ ಅವರ ಏರಿಯಾದ ಹಳೇ ಫಿಸಿಶಿಯನ್ ಒಬ್ಬರ ಹತ್ತಿರ ಹೋದಳು. ಜತೆಗೆ ನಾನೂ ಇದ್ದೆ. ಕೆಮ್ಮು ನೋಡಿ ಮುಗಿದ ಮೇಲೆ ಡಾಕ್ಟ್ರು, "ಶುಗರ್ ಇದೆ ಅಂದ್ರಲ್ಲಮ್ಮ, ಹಳೇ ರಿಪೋರ್ಟ್ ಏನಿದ್ರೂ ಒಂದ್ಸಲ ತೋರಿಸಿ" ಅಂದರು. ಮಾರನೇ ದಿನ ಪ್ಲಾಸ್ಟಿಕ್ ಕವರಿನಲ್ಲಿದ್ದ ಅಷ್ಟೂ ಪ್ರಿಂಟೌಟ್ ತೆಗೆದುಕೊಂಡು ಹೋದೆವು. ಅವರು ಸ್ಕ್ಯಾನ್ ರಿಪೋರ್ಟುಗಳನ್ನು ಪಕ್ಕಕ್ಕೆ ಸರಿಸಿ, ರಕ್ತದ ರಿಪೋರ್ಟುಗಳನ್ನು ವರ್ಷವಾರು ಜೋಡಿಸಿಕೊಂಡು, ಒಂದು ಚೀಟಿಯ ಮೇಲೆ ನಾಲ್ಕು ಅಂಕಿ ಬರೆದರು: 2.41, 2.10, 1.88, 1.62. ಎಲ್ಲ ಲಕ್ಷದ ಲೆಕ್ಕ. ಪ್ಲೇಟ್‌ಲೆಟ್.

ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ನಾರ್ಮಲ್ ಅಂತ ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಅಕ್ಕನದು ಯಾವ ವರ್ಷವೂ ಅದಕ್ಕಿಂತ ಕೆಳಗೆ ಬಂದಿರಲಿಲ್ಲ, ಹಾಗಾಗಿ ಯಾವ ವರ್ಷವೂ ಆ ಅಂಕಿ ದಪ್ಪಕ್ಷರದಲ್ಲಿ ಇರಲಿಲ್ಲ. ಮೆಷಿನ್ನಿಗೆ ಈ ವರ್ಷದ ಅಂಕಿ ಮಾತ್ರ ಗೊತ್ತು. ಇಳಿಜಾರು ಕಾಣುವುದು ನಾಲ್ಕನ್ನೂ ಒಂದೇ ಚೀಟಿಯಲ್ಲಿ ಬರೆದವರಿಗೆ. ಲಿವರಿನಲ್ಲಿ ಕಲೆ ಹೆಚ್ಚಿದಂತೆ ಅದರೊಳಗೆ ರಕ್ತ ಹರಿಯುವುದು ಕಷ್ಟವಾಗುತ್ತದೆ, ಲಿವರಿಗೆ ರಕ್ತ ತರುವ ನಾಳದಲ್ಲಿ ಒತ್ತಡ ಏರುತ್ತದೆ, ಗುಲ್ಮ (ಸ್ಪ್ಲೀನ್) ಹಿಗ್ಗುತ್ತದೆ, ಹಿಗ್ಗಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಹುಟ್ಟಲು ಬೇಕಾದ ಹಾರ್ಮೋನನ್ನು ತಯಾರಿಸುವುದೂ ಲಿವರೇ, ಅದೂ ತಗ್ಗುತ್ತದೆ. ಹೀಗೆ ಲಿವರಿನ ಕಥೆ ರಕ್ತಕಣಗಳ ಎಣಿಕೆಯಲ್ಲಿ ಬಂದು ಕೂರುತ್ತದೆ. ಇದನ್ನೆಲ್ಲ ಅವರು ಅಕ್ಕನಿಗೆ ಅರ್ಥವಾಗುವ ಹಾಗೆ, ಅವಸರ ಮಾಡದೆ ಹೇಳಿದರು. ಹೊರಗೆ ಟೋಕನ್ ಹಿಡಿದವರು ಕಾಯುತ್ತಿದ್ದರು.

ಆಮೇಲೆ ಅವರು ಮಾಡಿದ ಲೆಕ್ಕವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಇದು ಯಾರು ಬೇಕಾದರೂ ಫೋನಿನಲ್ಲಿ ಮಾಡಬಹುದಾದ ಲೆಕ್ಕ, ಬೇಕಾದ ಅಂಕಿಗಳೆಲ್ಲ ಪ್ಯಾಕೇಜಿನ ರಿಪೋರ್ಟಿನಲ್ಲೇ ಇರುತ್ತವೆ. ಹೆಸರು ಫಿಬ್-4. 2006ರಲ್ಲಿ ಇದನ್ನು ಮೊದಲು ರೂಪಿಸಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರ ಲಿವರ್ ನೋಡಲು; ಆಮೇಲೆ ಫ್ಯಾಟಿ ಲಿವರಿಗೂ ಬಳಕೆಗೆ ಬಂತು. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲಿನದನ್ನು ಎರಡನೆಯದರಿಂದ ಭಾಗಿಸಬೇಕು. ಅಕ್ಕನ ಎಸ್‌ಜಿಒಟಿ 52, ಎಸ್‌ಜಿಪಿಟಿ 41, ಪ್ಲೇಟ್‌ಲೆಟ್ 1.62 ಲಕ್ಷ ಅಂದರೆ 162 ಸಾವಿರ. 61ನ್ನು 52ರಿಂದ ಗುಣಿಸಿದರೆ 3172. 41ರ ವರ್ಗಮೂಲ ಸುಮಾರು 6.4, ಅದನ್ನು 162ರಿಂದ ಗುಣಿಸಿದರೆ 1037. ಭಾಗಿಸಿದರೆ 3.06.

1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಕಲೆ ಇರುವ ಸಾಧ್ಯತೆ ಬಹಳ ಕಡಿಮೆ. 2.67ಕ್ಕಿಂತ ಹೆಚ್ಚು ಬಂದರೆ ಲಿವರ್ ತಜ್ಞರನ್ನು ನೋಡಲೇಬೇಕು. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು.

ಅಕ್ಕನ ಮಗನಿಗೆ 36. ಬೆಳ್ಳಂದೂರಿನ ಕಡೆ ಕೆಲಸ, ರಾತ್ರಿ ಹತ್ತಕ್ಕೆ ಕಾಲ್, ಹನ್ನೊಂದಕ್ಕೆ ಊಟ. ತನ್ನ ಕಂಪನಿಯ ಚೆಕಪ್ಪಿನಲ್ಲಿ ಅವನಿಗೆ ಬಂದಿದ್ದು ಗ್ರೇಡ್ 2. "ಚಿಕ್ಕಮ್ಮ, ನನ್ದು ಗ್ರೇಡ್ ಟೂ, ಅಮ್ಮಂದು ಒನ್ನು. ಹಾಗಾದ್ರೆ ನನಗೇ ಜಾಸ್ತಿ ಅಲ್ವಾ?" ಅಂತ ಕೇಳಿದ. ಅವನ ಎಸ್‌ಜಿಒಟಿ 45, ಎಸ್‌ಜಿಪಿಟಿ 78, ಪ್ಲೇಟ್‌ಲೆಟ್ 2.80 ಲಕ್ಷ. ಅದೇ ಲೆಕ್ಕ ಹಾಕಿದೆವು, 0.66 ಬಂತು. ಕೊಬ್ಬು ಅವನಲ್ಲಿ ಹೆಚ್ಚು, ಅಪಾಯ ಅಮ್ಮನಲ್ಲಿ ಹೆಚ್ಚು. ಅವನ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ದಪ್ಪಕ್ಷರದಲ್ಲಿ ಎದ್ದು ಕಾಣುತ್ತಿತ್ತು, ಅಮ್ಮನದು ಗೆರೆಯ ಆಚೀಚೆ ತಣ್ಣಗೆ ಕೂತಿತ್ತು. ಕಲೆ ಬಹಳ ಮುಂದುವರಿದ ಲಿವರಿನಲ್ಲಿ ಎಸ್‌ಜಿಪಿಟಿ ಎಷ್ಟೋ ಸಲ ಇಳಿದು ನಾರ್ಮಲ್ ಆಗಿಬಿಡುತ್ತದೆ, ಎಸ್‌ಜಿಒಟಿ ಅದನ್ನು ದಾಟಿ ಮೇಲೆ ನಿಲ್ಲುತ್ತದೆ. ನಾರ್ಮಲ್ ಅನ್ನುವ ಒಂದು ಪದ ಓದಿ ಉಸಿರು ಬಿಡುವ ಮನೆಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಈ ಲೆಕ್ಕಕ್ಕೂ ಮಿತಿಗಳಿವೆ. 35ರ ಒಳಗಿನವರಲ್ಲಿ ಅಷ್ಟು ನಂಬುವಂತಿಲ್ಲ, 65 ದಾಟಿದವರಿಗೆ ಕೆಳಗಿನ ಗೆರೆಯನ್ನು 1.3ರ ಬದಲು 2ಕ್ಕೆ ಏರಿಸುತ್ತಾರೆ, ಇಲ್ಲದಿದ್ದರೆ ವಯಸ್ಸೊಂದರಿಂದಲೇ ಅಂಕಿ ಮೇಲೆ ಹೋಗುತ್ತದೆ. ನಮ್ಮೂರಿನ ಮಟ್ಟಿಗೆ ಇನ್ನೊಂದನ್ನು ಸೇರಿಸಬೇಕು: ಮಳೆಗಾಲದಲ್ಲಿ ಡೆಂಗಿ ಬಂದು ಹೋದವರು ಆ ದಿನಗಳ ರಿಪೋರ್ಟ್ ಹಿಡಿದು ಈ ಲೆಕ್ಕ ಹಾಕಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಸುಮ್ಮನೆ ಹೆದರುವಂತಾಗುತ್ತದೆ. ಜ್ವರವೆಲ್ಲ ಇಳಿದು ಚೇತರಿಸಿಕೊಂಡ ಮೇಲೆ ಮತ್ತೆ ರಕ್ತ ಕೊಟ್ಟು ನೋಡಬೇಕು.

ಸ್ಕ್ಯಾನನ್ನು ಹೀಗಳೆಯುತ್ತಿಲ್ಲ. ಅಕ್ಕನ ಜತೆ ಆ ಕತ್ತಲೆ ಕೋಣೆಯಲ್ಲಿ ನಿಂತು ನೋಡಿದ್ದೇನೆ. ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಅನ್ನುತ್ತಾ ರೇಡಿಯಾಲಜಿಸ್ಟ್ ಲಿವರನ್ನೂ ಅದರ ಪಕ್ಕದ ಬಲ ಕಿಡ್ನಿಯನ್ನೂ ಒಂದೇ ಚಿತ್ರದಲ್ಲಿ ತರುತ್ತಾರೆ. ಆರೋಗ್ಯವಂತರಲ್ಲಿ ಎರಡರ ಬೂದು ಬಣ್ಣ ಹೆಚ್ಚುಕಡಿಮೆ ಒಂದೇ. ಕೊಬ್ಬು ತುಂಬಿದ ಲಿವರ್ ಕಿಡ್ನಿಗಿಂತ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೊಳೆದರೆ ಗ್ರೇಡ್ 1; ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಗ್ರೇಡ್ 2; ಲಿವರಿನ ಹಿಂಭಾಗ, ಎದೆ-ಹೊಟ್ಟೆಯ ನಡುವಿನ ವಪೆಯ ಗೆರೆ ಕಾಣದಷ್ಟಾದರೆ ಗ್ರೇಡ್ 3. ನೋಡುವ ಕಣ್ಣು ಬದಲಾದರೆ ಗ್ರೇಡೂ ಬದಲಾಗಬಹುದು. ಇಷ್ಟೆಲ್ಲ ಹೇಳುವುದು ಕೊಬ್ಬಿನ ಪ್ರಮಾಣವನ್ನು ಮಾತ್ರ. ಲಿವರಿನ ಜೀವಕೋಶಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿದ್ದರೆ ಅದು ಫ್ಯಾಟಿ ಲಿವರ್. ಆದರೆ ಸಾಮಾನ್ಯ ಅಲ್ಟ್ರಾಸೌಂಡ್ ಅದನ್ನು ಸರಿಯಾಗಿ ಹಿಡಿಯುವುದು ಶೇಕಡಾ 20-30 ದಾಟಿದ ಮೇಲೆ. ಕಲೆಯ ಮೊದಲ ಹಂತಗಳಂತೂ ಅದರಲ್ಲಿ ಕಾಣುವುದೇ ಇಲ್ಲ. ಗ್ರೇಡ್ 1 ಅನ್ನುವುದನ್ನು ಕಾಯಿಲೆಯ ಮೊದಲ ಹಂತ ಅಂತ ಓದಿಕೊಂಡು ನಿರಾಳವಾಗುವುದು ಇದಕ್ಕೇ ಅಪಾಯ.

ಲಿವರಿನ ಒಳಗೆ ನೋವು ತಿಳಿಸುವ ನರಗಳಿಲ್ಲ, ಹೊರಗಿನ ಪೊರೆಯಲ್ಲಷ್ಟೇ ಇವೆ. ವರ್ಷಗಟ್ಟಲೆ ಮಾಯುತ್ತ ಕಲೆಯಾಗುತ್ತ ಹೋದರೂ ಅದು ಕೂಗಿ ಹೇಳುವುದಿಲ್ಲ. ಅಕ್ಕನಿಗೆ ಇದ್ದದ್ದು ಸುಸ್ತು ಒಂದೇ. 61ರ ಹೆಂಗಸಿನ ಸುಸ್ತನ್ನು ಯಾವ ಮನೆಯಲ್ಲಿ ಕಾಯಿಲೆ ಅಂತ ಎಣಿಸುತ್ತಾರೆ?

ಲಿವರ್ ತಜ್ಞರ ಹತ್ತಿರ ಹೋದಾಗ ಮೊದಲು ಬಂದ ಪ್ರಶ್ನೆ, "ಡ್ರಿಂಕ್ಸ್ ಏನಾದ್ರೂ ತಗೋತೀರಾ?" ಅದು ಕೇಳಲೇಬೇಕಾದ ಪ್ರಶ್ನೆ. ಮದ್ಯದಿಂದಾದ ಲಿವರ್ ಕಾಯಿಲೆಯೂ ಸ್ಕ್ಯಾನಿನಲ್ಲಿ ಹೀಗೇ ಕಾಣುತ್ತದೆ, ವೈದ್ಯರು ಎಲ್ಲರನ್ನೂ ಕೇಳುತ್ತಾರೆ, ಹೆಂಗಸರು ಕುಡಿಯುವುದಿಲ್ಲ ಅಂತ ಊಹಿಸಿಕೊಂಡು ಬಿಡುವುದು ಸರಿಯಾದ ವೈದ್ಯವಲ್ಲ. ಆದರೂ ಅಕ್ಕನ ಮುಖ ಬಾಡಿತು. ಮನೆಗೆ ಬರುವಾಗ ಮೆಟ್ರೋದಲ್ಲಿ, "ನನ್ನನ್ನ ನೋಡಿದ್ರೆ ಹಾಗನ್ಸುತ್ತೇನೇ?" ಅಂತ ಕೇಳಿದಳು. ಲಿವರ್ ಹಾಳಾಗುವುದು ಕುಡಿಯುವವರಿಗೆ ಅನ್ನುವುದು ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ಈ ಕಾರಣಕ್ಕೇ ಅಕ್ಕ ವಾರಗಿತ್ತಿಯರಿಗೆ ಇವತ್ತಿಗೂ ಹೇಳಿಲ್ಲ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಅವರ ಸಹೋದ್ಯೋಗಿಗಳು, ಕುಡಿತವಿಲ್ಲದಿದ್ದರೂ ಕುಡಿದವರಂತೆಯೇ ಲಿವರ್ ಕೆಟ್ಟ 20 ರೋಗಿಗಳ ಬಗ್ಗೆ ಬರೆದರು. ಅದಾಗಿ ನಾಲ್ಕು ದಶಕ ದಾಟಿತು. ಆ ತಿಳಿವಳಿಕೆ ವಾರಗಿತ್ತಿಯರ ತನಕ ಇನ್ನೂ ಬಂದಿಲ್ಲ.

ತಜ್ಞರು ಹೆಪಟೈಟಿಸ್ ಬಿ ಮತ್ತು ಸಿ, ಕಬ್ಬಿಣದ ಅಂಶ, ದೇಹವೇ ತನ್ನ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆಯ ಗುರುತು, ಎಲ್ಲಕ್ಕೂ ರಕ್ತ ಬರೆದುಕೊಟ್ಟರು. ಕೊಬ್ಬು ಇದೆ ಅಂದಮಾತ್ರಕ್ಕೆ ಬೇರೆ ಕಾರಣ ಇಲ್ಲ ಅನ್ನುವಂತಿಲ್ಲ. ಸ್ಟೀರಾಯ್ಡ್, ಟ್ಯಾಮಾಕ್ಸಿಫೆನ್, ಮೆಥೊಟ್ರೆಕ್ಸೇಟ್‌ನಂಥ ಔಷಧಿ ತಗೊಂಡಿದ್ದೀರಾ ಅಂತ ಕೇಳಿದರು. ಮನೆಮದ್ದು ಏನಾದರೂ ಇದೆಯೇ ಅಂತಲೂ ಕೇಳಿದರು. ಅಕ್ಕ ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದದ್ದನ್ನು ಹೇಳಿದಳು. ಅದೇ ಕಾಲದಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟಾದ ಆರು ರೋಗಿಗಳ ಬಗ್ಗೆ 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ತಜ್ಞರು ವಾದಕ್ಕೆ ಹೋಗದೆ, "ಇನ್ಮೇಲೆ ಏನೇ ತಗೊಂಡ್ರೂ ನನಗೆ ಒಂದು ಮಾತು ಹೇಳಿ ತಗೊಳ್ಳಿ" ಅಂದರು. ಲಿವರ್ ಕ್ಲೀನ್ ಮಾಡುತ್ತೇವೆ ಅಂತ ಮಾರುವ ಡಿಟಾಕ್ಸ್ ಪುಡಿಗಳ ಬಗ್ಗೆ ನನಗೆ ಅಷ್ಟು ತಾಳ್ಮೆ ಇಲ್ಲ. ಹೆದರಿದವರ ಹೆದರಿಕೆಯ ಮೇಲೆ ನಡೆಯುವ ವ್ಯಾಪಾರ ಅದು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಅದೇ ವಾರ ಆಯಿತು. ಮೂರು ಗಂಟೆ ಹೊಟ್ಟೆ ಖಾಲಿ ಇರಬೇಕು. ಬಲಗೈಯನ್ನು ತಲೆಯ ಹಿಂದಕ್ಕೆ ಚಾಚಿ ಮಲಗಿದರೆ, ಪಕ್ಕೆಲುಬುಗಳ ಸಂದಿಗೆ ಒಂದು ಕೋಲಿನಂಥ ಸಾಧನ ಒತ್ತಿ ಹಿಡಿಯುತ್ತಾರೆ. ಅದು ಒಳಕ್ಕೆ ಟಪ್ ಅಂತ ಸಣ್ಣಗೆ ಬಡಿಯುತ್ತದೆ, ಆ ಅಲೆ ಲಿವರಿನೊಳಗೆ ಎಷ್ಟು ಬೇಗ ಓಡುತ್ತದೆ ಅಂತ ಮೆಷಿನ್ ಅಳೆಯುತ್ತದೆ. ಗಟ್ಟಿಯಾದಷ್ಟೂ ಅಲೆ ವೇಗವಾಗಿ ಹೋಗುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಒಳಗು ತಿಳಿದುಕೊಳ್ಳುವ ಹಾಗೆ. ಕನಿಷ್ಠ ಹತ್ತು ಸಲ ಸರಿಯಾದ ಅಳತೆ ಸಿಗಬೇಕು. ನೋವಿಲ್ಲ, ಸೂಜಿ ಇಲ್ಲ, ಹತ್ತು ನಿಮಿಷದ ಕೆಲಸ. ಫಲಿತಾಂಶ ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಬರುತ್ತದೆ. 8ರ ಕೆಳಗಿದ್ದರೆ ಮುಂದುವರಿದ ಕಲೆ ಇಲ್ಲ ಅಂತ ಬಹುಮಟ್ಟಿಗೆ ನಂಬಬಹುದು. ಅಕ್ಕನದು 13.2.

ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಕಲೆಗಟ್ಟಿದ ಕೊನೆಯ ಹಂತ, ಅಂತ ಖಚಿತವಾಗಿ ಹೇಳುವ ಅಂಕಿಯಲ್ಲ, ಅದರ ಹೊಸ್ತಿಲಿಗೆ ಬಂದಿರಬಹುದು ಅನ್ನುವ ಅಂಕಿ. ಅಂಕಿ 20ರ ಒಳಗಿದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರುವುದರಿಂದ ಅನ್ನನಾಳದಲ್ಲಿ ರಕ್ತನಾಳ ಊದಿದೆಯೇ ಅಂತ ನೋಡುವ ಎಂಡೋಸ್ಕೋಪಿ ಸದ್ಯಕ್ಕೆ ಬೇಡ ಅಂದರು. ಬಯಾಪ್ಸಿಯೂ ಬೇಡ ಅಂದರು. ಸೂಜಿಯಲ್ಲಿ ಬರುವ ಚೂರು ಇಡೀ ಲಿವರಿನ ಐವತ್ತು ಸಾವಿರದಲ್ಲಿ ಒಂದು ಪಾಲು. ಬೇರೆ ಪರೀಕ್ಷೆಗಳು ಒಂದಕ್ಕೊಂದು ಹೊಂದದೆ ಗೊಂದಲ ಉಳಿದಾಗ ಅದು ಬೇಕಾಗುತ್ತದೆ.

ಸಣ್ಣಗಿರುವ ಇವಳಿಗೆ ಹೇಗೆ ಬಂತು ಅಂತ ಕೇಳಿದೆ. ತಜ್ಞರು ಟೇಪು ತೆಗೆದು ಅಕ್ಕನ ಸೊಂಟ ಅಳೆದರು, 88 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ಗೆರೆ. ತೂಕದ ಸೂಚ್ಯಂಕವೂ (ಬಿಎಂಐ) ನಮಗೆ 23ಕ್ಕೇ ಹೆಚ್ಚು ಅನ್ನಿಸಿಕೊಳ್ಳುತ್ತದೆ, ಅಕ್ಕನದು 24. ಸೀರೆಯ ನೆರಿಗೆಯ ಹಿಂದೆ ಇದ್ದದ್ದನ್ನು ತೂಕದ ಯಂತ್ರ ಹೇಳಿರಲಿಲ್ಲ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 8.7 ಜನರಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ಮುಕ್ಕಾಲು ಪಾಲು ಮಂದಿಯ ಸೂಚ್ಯಂಕ 25ರ ಒಳಗಿತ್ತು. ಪಟ್ಟಣದ ದಪ್ಪ ಜನರ ಕಾಯಿಲೆ ಅನ್ನುವ ಮಾತನ್ನು ನಾನು ಇದನ್ನು ಓದಿದ ಮೇಲೆ ಬಿಟ್ಟೆ. ಅಕ್ಕನಂಥವರಲ್ಲಿ ಶುಗರ್ ದೊಡ್ಡ ಸೂಚನೆ. ಶುಗರ್ ಇರುವವರಿಗೆ ಕಣ್ಣು, ಪಾದ, ಕಿಡ್ನಿ ನೋಡಬೇಕು ಅನ್ನುವುದು ಈಗ ಊರಿಗೆಲ್ಲ ಗೊತ್ತು. ಲಿವರೂ ಆ ಸಾಲಿಗೆ ಸೇರಬೇಕು.

ಊಟದ ವಿಷಯಕ್ಕೆ ಬಂದರೆ ಹೇಳುವುದು ಹೊಸದೇನಿಲ್ಲ. ಅನ್ನ ಕಡಿಮೆ, ಕಾಳು ತರಕಾರಿ ಜಾಸ್ತಿ, ಬೇಕರಿ ತಿಂಡಿ ಮತ್ತು ಪ್ಯಾಕೆಟ್ ಜ್ಯೂಸ್ ನಿಲ್ಲಬೇಕು, ದಿನಾ ನಡೆಯಬೇಕು. ತೂಕದಲ್ಲಿ ಶೇಕಡಾ 5 ಇಳಿದರೆ ಕೊಬ್ಬು ಕರಗತೊಡಗುತ್ತದೆ, 10ರಷ್ಟು ಇಳಿದವರಲ್ಲಿ ಎಷ್ಟೋ ಮಂದಿಗೆ ಕಲೆಯೂ ಹಿಂದೆ ಸರಿಯುತ್ತದೆ. ಅಕ್ಕನಿಗೆ ಶೇಕಡಾ 5 ಅಂದರೆ ಮೂರು ಕಿಲೋಗಿಂತ ಕಡಿಮೆ. ಕಾಫಿ ಬಿಡಬೇಕಾ ಅಂತ ಅವಳು ಹೆದರಿ ಕೇಳಿದಳು. ಬೇಡ ಅಂದರು, ಕಾಫಿ ಕುಡಿಯುವವರಲ್ಲಿ ಲಿವರಿನ ಕಲೆ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. ಸಕ್ಕರೆ ಮಾತ್ರ ಬಿಡಬೇಕಾಯಿತು. ಔಷಧಿಯೂ ಈಗ ಬರುತ್ತಿದೆ: 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ರೆಸ್ಮೆಟಿರೋಮ್, 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್, ಎರಡಕ್ಕೂ ಈ ಕಾಯಿಲೆಯಲ್ಲಿ ಕಲೆ ಕಟ್ಟಿದವರಿಗಾಗಿ ಒಪ್ಪಿಗೆ ಸಿಕ್ಕಿದೆ. ಯಾರಿಗೆ ಕಲೆ ಇದೆ ಅಂತ ಮೊದಲು ಗೊತ್ತಾಗದೆ ಔಷಧಿ ಇದ್ದೂ ಪ್ರಯೋಜನವಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಶುಗರ್, ಬಿಪಿ, ಕ್ಯಾನ್ಸರ್ ಜತೆ ಫ್ಯಾಟಿ ಲಿವರನ್ನೂ ತನ್ನ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಒಳ್ಳೆಯ ಕೆಲಸ. ನಮ್ಮ ಬಡಾವಣೆಗಳ ಸರ್ಕಾರಿ 'ನಮ್ಮ ಕ್ಲಿನಿಕ್'ಗಳಲ್ಲಿ ಬಿಪಿ, ಶುಗರ್ ನೋಡುವವರ ಕೈಗೆ ಒಂದು ಸೊಂಟದ ಟೇಪು ಮತ್ತು ಈ ನಾಲ್ಕು ಅಂಕಿಯ ಲೆಕ್ಕ ಸಿಕ್ಕಿದರೆ ಅಕ್ಕನಂಥ ಎಷ್ಟೋ ಹೆಂಗಸರು ಮೊದಲೇ ಸಿಗುತ್ತಾರೆ. ಖಾಸಗಿ ಲ್ಯಾಬುಗಳಿಗೂ ನನ್ನದೊಂದು ಬೇಡಿಕೆ ಇದೆ. ವಯಸ್ಸು ನಿಮ್ಮ ಬಳಿ ಇದೆ, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ನೀವೇ ಅಳೆದಿದ್ದೀರಿ. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಆ ಅಂಕಿಯನ್ನೂ ಕಳೆದ ವರ್ಷಗಳ ಅಂಕಿಯನ್ನೂ ರಿಪೋರ್ಟಿನ ಮೊದಲ ಪುಟದಲ್ಲಿ ಅಚ್ಚು ಹಾಕಿ.

ಅಕ್ಕನ ಮಗ ತನ್ನ ಕಂಪನಿಯ ಎಚ್‌ಆರ್‌ಗೆ ಬರೆದಿದ್ದಾನೆ, ಮುಂದಿನ ಚೆಕಪ್ಪಿನಲ್ಲಿ ಪರೀಕ್ಷೆಗಳ ಸಂಖ್ಯೆ ಕಡಿಮೆ ಮಾಡಿಯಾದರೂ ವೈದ್ಯರ ಭೇಟಿ ಸೇರಿಸಿ ಅಂತ. ಉತ್ತರ ಬಂದಿಲ್ಲ. ಅವನೂ ಬೆಳಿಗ್ಗೆ ನಡೆಯಲು ಹೋಗುತ್ತಿದ್ದಾನೆ, 0.66 ಬಂದವರಿಗೂ ಹೃದಯ ಇದೆಯಲ್ಲ, ಫ್ಯಾಟಿ ಲಿವರ್ ಇರುವವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯದ ಕಾಯಿಲೆ ಅಂತ ತಜ್ಞರು ಅವನಿಗೆ ಬಿಡಿಸಿ ಹೇಳಿದ್ದಾರೆ. ಅಕ್ಕನ ತೂಕ ಈಗ 54ಕ್ಕೆ ಸ್ವಲ್ಪ ಕಡಿಮೆ, ಶುಗರಿನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.4ರಿಂದ 7.1ಕ್ಕೆ ಇಳಿದಿದೆ, ಪ್ಲೇಟ್‌ಲೆಟ್ 1.65ರಲ್ಲಿ ನಿಂತಿದೆ. ಲಿವರಿನಲ್ಲಿ ಗಡ್ಡೆ ಏನಾದರೂ ಕಾಣುತ್ತದೆಯೇ ಅಂತ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್, ವರ್ಷ ತುಂಬಿದ ಮೇಲೆ ಮತ್ತೆ ಫೈಬ್ರೋಸ್ಕ್ಯಾನ್. ಹಳೇ ಫಿಸಿಶಿಯನ್ ಹತ್ತಿರವೂ ಹೋಗಿ ಬರುತ್ತಾಳೆ, ಪ್ರತಿ ಸಲ ಹಿಂದಿನ ಎಲ್ಲ ರಿಪೋರ್ಟು ಹಿಡಿದುಕೊಂಡು.